ಅಪ್ಪನ 180 ಸಿಡಿಗಳು: ಹಾಡಿನ ಜೊತೆಗೆ ಹೆಸರುಗಳನ್ನೂ ಉಳಿಸಿಕೊಳ್ಳುವುದು ಹೇಗೆ?

ಅಮಾನಿಕೆರೆ ದಂಡೆ, ತುಮಕೂರು
ಭಾನುವಾರ ಬೆಳಿಗ್ಗೆ 8.10

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಸಂಬಳ ಬಂದ ವಾರ ಒಂದಾದರೂ ಸಿಡಿ ಕೊಳ್ಳದೆ ಮನೆಗೆ ಬಂದವರಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ಬೀರುವಿನ ಕೆಳಗಿನ ಅರೆಯಲ್ಲಿ ಈಗ 180 ಸಿಡಿಗಳಿವೆ. ಭಾವಗೀತೆ, ದಾಸರ ಪದ, ವಚನ, ಕರ್ನಾಟಕ ಸಂಗೀತದ ಕಚೇರಿಗಳು, ಒಂದಿಷ್ಟು ಚಿತ್ರಗೀತೆ. ಪ್ಲೇಯರ್ ಕೆಟ್ಟಿದೆ, ರಿಪೇರಿ ಮಾಡುವವರು ಸಿಗುತ್ತಿಲ್ಲ.

ನಾನು ಈವರೆಗೆ ಮಾಡಿದ್ದನ್ನು ಮೊದಲೇ ಹೇಳುತ್ತೇನೆ. ಹಳೆಯ ಕಂಪ್ಯೂಟರಿಗೆ ಸಿಡಿ ಹಾಕಿ, ಕಂಡ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ನಕಲು ಮಾಡಿದೆ. ಹನ್ನೆರಡು ಹಾಡುಗಳು ಒಂದೇ ಕ್ಷಣದಲ್ಲಿ ಬಂದವು. ಬೇರೆ ಕಡೆ ಹಾಕಿದರೆ ಒಂದೂ ಹಾಡಲಿಲ್ಲ. ಆಮೇಲೆ ಪೇಟೆಯ ಒಂದು ಅಂಗಡಿಗೆ ಇಪ್ಪತ್ತು ಸಿಡಿ ಕೊಟ್ಟು ಎಂಪಿ3 ಮಾಡಿಸಿದೆ. ಅವು ಹಾಡುತ್ತವೆ. ಆದರೆ ಬಹುಪಾಲು ಫೈಲುಗಳಿಗೆ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂಬುದೇ ಹೆಸರು. ಕೆಲವಕ್ಕೆ ಕನ್ನಡದಲ್ಲಿ ಬರೆದಿದ್ದೇವೆ ಎಂದರು, ಮೊಬೈಲಿನಲ್ಲಿ ನೋಡಿದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎರಡು ಹಾಡುಗಳಲ್ಲಿ ನಡುನಡುವೆ ಟಕ್ ಟಕ್ ಎಂಬ ಸದ್ದು ಬೇರೆ ಸೇರಿಕೊಂಡಿದೆ.

ಅಪ್ಪ ಒಳಗಿನ ಕಾಗದವನ್ನು ಕೈಯಲ್ಲಿ ಹಿಡಿದು, ಕವಿ ಯಾರು, ರಾಗ ಹಾಕಿದವರು ಯಾರು ಎಂದು ಗಟ್ಟಿಯಾಗಿ ಓದಿ ಆಮೇಲೆ ಹಾಡು ಹಾಕುತ್ತಿದ್ದರು. ಮೃದಂಗ ನುಡಿಸಿದವರ ಹೆಸರನ್ನೂ ಬಿಡುತ್ತಿರಲಿಲ್ಲ. ನನಗೆ ಹಾಡಿನಷ್ಟೇ ಆ ಹೆಸರುಗಳೂ ಬೇಕು. ಸರಿಯಾದ ದಾರಿ ಯಾವುದು, ತಿಳಿದವರು ಹೇಳಿಕೊಡಿ.

ರಾಬರ್ಟ್‌ಸನ್‌ಪೇಟೆ ರೇಡಿಯೊ, ಕೆ.ಜಿ.ಎಫ್.
ಭಾನುವಾರ ಬೆಳಿಗ್ಗೆ 10.35

ಸರ್, ನೀವು ನಕಲು ಮಾಡಿದ್ದು ಹಾಡನ್ನಲ್ಲ. ವಿಂಡೋಸ್ ಆಡಿಯೊ ಸಿಡಿಯನ್ನು ತೆರೆದಾಗ ತೋರಿಸುವ ‘ಸಿಡಿಎ’ ಫೈಲುಗಳು ಕೇವಲ 44 ಬೈಟ್‌ನವು. ಇಂಥ ಟ್ರ್ಯಾಕ್ ಸಿಡಿಯ ಇಂಥ ಜಾಗದಲ್ಲಿ ಶುರುವಾಗುತ್ತದೆ ಎಂಬ ವಿಳಾಸ ಮಾತ್ರ ಅದರಲ್ಲಿರುತ್ತದೆ. ಮನೆಯ ವಿಳಾಸ ಬರೆದುಕೊಂಡರೆ ಮನೆ ಜೊತೆಗೆ ಬರುವುದಿಲ್ಲವಲ್ಲ, ಹಾಗೆಯೇ ಇದು.

ಆಡಿಯೊ ಸಿಡಿಯಲ್ಲಿ ಫೈಲು ಎಂಬುದೇ ಇಲ್ಲ. ಸೆಕೆಂಡಿಗೆ 44,100 ಬಾರಿ ಅಳೆದ, 16 ಬಿಟ್‌ನ, ಎರಡು ಚಾನೆಲ್‌ನ ಧ್ವನಿ ಒಳಗಿನಿಂದ ಹೊರಕ್ಕೆ ಒಂದೇ ಸುರುಳಿಯಾಗಿ ಹರಿದಿರುತ್ತದೆ. ಅದನ್ನು ಸೆಕೆಂಡಿಗೆ 75 ತುಂಡುಗಳಂತೆ ಓದುತ್ತಾರೆ, ತುಂಡಿಗೆ 2352 ಬೈಟ್. ದತ್ತಾಂಶದ ಸಿಡಿಯಾದರೆ ಇಷ್ಟೇ ಜಾಗದಲ್ಲಿ 2048 ಬೈಟ್ ಮಾತ್ರ ಬಳಸಿ, ಉಳಿದದ್ದರಲ್ಲಿ ತಪ್ಪು ತಿದ್ದುವ ಮಾಹಿತಿಯನ್ನೂ ಇಟ್ಟಿರುತ್ತಾರೆ. ಆಡಿಯೊ ಸಿಡಿಗೆ ಆ ಹೆಚ್ಚುವರಿ ಕಾವಲು ಇಲ್ಲ. ಗೀರು ಸಿಕ್ಕಿದರೆ ಡ್ರೈವ್ ಅಕ್ಕಪಕ್ಕದ ಧ್ವನಿಯನ್ನು ನೋಡಿ ಅಂದಾಜಿನಲ್ಲಿ ತುಂಬಿ ಮುಂದೆ ಹೋಗುತ್ತದೆ, ಓದಲಾಗಲಿಲ್ಲ ಎಂದು ನಮಗೆ ಹೇಳುವುದಿಲ್ಲ. ಅಂಗಡಿಯವರು ವೇಗವಾಗಿ ಒಂದೇ ಸಲ ಓದಿಸಿರಬೇಕು. ನಿಮ್ಮ ಟಕ್ ಟಕ್ ಸದ್ದಿಗೆ ಅದೇ ಕಾರಣ ಎಂದು ನನಗನಿಸುತ್ತದೆ.

ವಿಂಡೋಸ್ ಇದ್ದರೆ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಎಂಬ ತಂತ್ರಾಂಶ ಹಾಕಿಕೊಳ್ಳಿ. ಮನೆಯ ಬಳಕೆಗೆ ಉಚಿತ. ಅದರ ಸುರಕ್ಷಿತ ಓದಿನ ವಿಧಾನದಲ್ಲಿ ಪ್ರತಿ ತುಂಡನ್ನೂ ಕನಿಷ್ಠ ಎರಡು ಸಲ ಓದಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಮತ್ತೆ 16 ಸಲ ಓದಿ, ಅದರಲ್ಲಿ 8 ಸಲ ಒಂದೇ ಉತ್ತರ ಬಂದರೆ ಒಪ್ಪಿಕೊಳ್ಳುತ್ತದೆ. ತೀರಾ ಹಾಳಾದ ಜಾಗವನ್ನು 82 ಸಲದವರೆಗೂ ಓದುತ್ತದೆ. ಲಿನಕ್ಸ್‌ನಲ್ಲಿ ‘ವಿಪ್ಪರ್’, ಮ್ಯಾಕ್‌ನಲ್ಲಿ ‘ಎಕ್ಸ್‌ಎಲ್‌ಡಿ’ ಇವೆ. ಇಷ್ಟೆಲ್ಲ ಬೇಡ, ಸುಲಭದ್ದು ಸಾಕು ಎನ್ನುವವರಿಗೆ ‘ಫ್ರೀಎಸಿ’. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡಿವಿಡಿ ಡ್ರೈವ್ ಕೊಳ್ಳಿ.

ಉಳಿಸುವಾಗ ಫ್ಲ್ಯಾಕ್ ಎಂಬ ಫೈಲಿನ ನಮೂನೆಯಲ್ಲಿ ಉಳಿಸಿ. ಒಂದು ಗಂಟೆಯ ಸಿಡಿ ಹಾಗೆಯೇ ಇಟ್ಟರೆ 635 ಎಂಬಿ. ಫ್ಲ್ಯಾಕ್‌ನಲ್ಲಿ ಸುಮಾರು 300 ಎಂಬಿಗೆ ಇಳಿಯುತ್ತದೆ, ಧ್ವನಿಯಲ್ಲಿ ಒಂದು ಬಿಟ್ ಕೂಡ ಕಳೆದುಹೋಗುವುದಿಲ್ಲ. ನಿಮ್ಮ 180 ಸಿಡಿಗಳಿಗೆ 54 ಜಿಬಿ ಇದ್ದರೆ ಆಯಿತು.

ರೇಷ್ಮೆ ಗೂಡು, ಶಿಡ್ಲಘಟ್ಟ
ಭಾನುವಾರ ಮಧ್ಯಾಹ್ನ 1.20

ನನ್ನ ಅಭಿಪ್ರಾಯ ಬೇರೆ. ನಾನು ವಾರಕ್ಕೆ ಮೂರು ದಿನ ಗೂಡಿನ ಮಾರುಕಟ್ಟೆಗಳನ್ನು ಸುತ್ತುವವನು, ಹಾಡು ಕೇಳುವುದೆಲ್ಲ ಗಾಡಿಯಲ್ಲಿ. ನನ್ನ ಗಾಡಿಯ ಸ್ಟೀರಿಯೊ ಫ್ಲ್ಯಾಕ್ ಓದುವುದಿಲ್ಲ. ಎಂಜಿನ್ ಸದ್ದಿನಲ್ಲಿ ಎಂಪಿ3ಗೂ ಇದಕ್ಕೂ ವ್ಯತ್ಯಾಸ ಯಾರಿಗೆ ಕೇಳುತ್ತದೆ? 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಮಟ್ಟದಲ್ಲಿ ನೇರವಾಗಿ ಎಂಪಿ3 ಮಾಡಿಕೊಂಡರೆ ಒಂದೇ ಕೆಲಸದಲ್ಲಿ ಮುಗಿಯುತ್ತದೆ.

ರಾಬರ್ಟ್‌ಸನ್‌ಪೇಟೆ ರೇಡಿಯೊ, ಕೆ.ಜಿ.ಎಫ್.
ಭಾನುವಾರ ಮಧ್ಯಾಹ್ನ 2.05

ಅಣ್ಣ, ಗಾಡಿಗೆ ಎಂಪಿ3ಯೇ ಸರಿ, ಅದರಲ್ಲಿ ಜಗಳವಿಲ್ಲ. ಆದರೆ ಎಂಪಿ3 ಮಾಡುವಾಗ ಕಿವಿಗೆ ಬೇಡ ಎಂದು ಎಣಿಸಿದ ಭಾಗವನ್ನು ಕಿತ್ತು ಎಸೆಯುತ್ತದೆ, ಅದು ತಿರುಗಿ ಬರುವುದಿಲ್ಲ. ನಾಳೆ ಬೇರೊಂದು ನಮೂನೆ ಬೇಕಾದರೆ ಮತ್ತೆ ಸಿಡಿಯನ್ನೇ ಹುಡುಕಬೇಕು. ಫ್ಲ್ಯಾಕ್ ಬಿತ್ತನೆ ಬೀಜವಿದ್ದಂತೆ ಮನೆಯಲ್ಲಿರಲಿ. ಅದರಿಂದ ಗಾಡಿಗೆ ಬೇಕಾದಾಗ ಎಂಪಿ3 ತೆಗೆದುಕೊಳ್ಳಿ. ಎಂಪಿ3 ಮಾಡುವ ‘ಲೇಮ್’ ತಂತ್ರಾಂಶದ ವಿ2 ಮಟ್ಟದಲ್ಲಿ, ಅಂದರೆ ಸರಾಸರಿ 190 ಕೆಬಿಪಿಎಸ್‌ನಲ್ಲಿ ತೆಗೆದರೂ ಗಾಡಿಗೆ ಧಾರಾಳವಾಯಿತು.

ಇನ್ನೊಂದು ಮಾತು. ಒಂದೇ ಸಿಡಿಯಲ್ಲಿ ನೂರು ಹಾಡು ಎಂದು ಮಾರುತ್ತಿದ್ದರಲ್ಲ, ಅವು ಆಡಿಯೊ ಸಿಡಿಗಳಲ್ಲ, ಎಂಪಿ3 ಫೈಲು ತುಂಬಿದ ಸಿಡಿಗಳು. ಅವನ್ನು ಸುಮ್ಮನೆ ನಕಲು ಮಾಡಿಕೊಂಡರೆ ಮುಗಿಯಿತು. ಅವನ್ನು ಫ್ಲ್ಯಾಕ್ ಮಾಡುವುದರಿಂದ ಜಾಗ ತಿನ್ನುವುದೇ ಹೊರತು ಹೋದ ಧ್ವನಿ ಬರುವುದಿಲ್ಲ.

ವೀಣೆಯ ಮೇಳ, ಚಿಂತಾಮಣಿ
ಭಾನುವಾರ ಸಂಜೆ 6.50

ನಾನು ಮನೆಯ 60 ಸಿಡಿಗಳನ್ನು ಹೀಗೆ ಮಾಡಿ ಮುಗಿಸಿದ್ದೇನೆ. ಓದಿಸುವುದು ಯಂತ್ರದ ಕೆಲಸ, ಹತ್ತು ಇಪ್ಪತ್ತು ನಿಮಿಷದಲ್ಲಿ ಆಗುತ್ತದೆ. ಹೆಸರು ಬರೆಯುವುದರಲ್ಲಿ ನಮ್ಮ ಕೆಲಸವಿದೆ, ಒಂದು ಸಿಡಿಗೆ ಅರ್ಧ ಗಂಟೆ ಹಿಡಿಯಿತು.

ಸಿಡಿ-ಟೆಕ್ಸ್ಟ್ (ಸಿಡಿಯಲ್ಲೇ ಬರೆದಿಟ್ಟ ಹೆಸರುಗಳು) ಇರುವ ಕೆಲವನ್ನು ಬಿಟ್ಟರೆ ಸಿಡಿಯೊಳಗೆ ಹಾಡಿನ ಹೆಸರೇ ಇರುವುದಿಲ್ಲ. ಕಂಪ್ಯೂಟರ್ ಮಾಡುವುದಿಷ್ಟೆ: ಯಾವ ಟ್ರ್ಯಾಕ್ ಎಲ್ಲಿ ಶುರುವಾಗುತ್ತದೆ ಎಂಬ ಲೆಕ್ಕದಿಂದ ಒಂದು ಗುರುತು ಸಂಖ್ಯೆ ಮಾಡಿ, ಅಂತರ್ಜಾಲದ ಪಟ್ಟಿಯಲ್ಲಿ ಹುಡುಕುತ್ತದೆ. ‘ಫ್ರೀಡಿಬಿ’ ಎಂಬ ಹಳೆಯ ಪಟ್ಟಿ 2020ರಲ್ಲಿ ಮುಚ್ಚಿತು. ಈಗ ನಂಬಬಹುದಾದದ್ದು ‘ಮ್ಯೂಸಿಕ್‌ಬ್ರೈನ್ಜ್’. ನನ್ನ ಕನ್ನಡ ಸಿಡಿಗಳಲ್ಲಿ ಹೆಚ್ಚಿನವು ಅಲ್ಲಿ ಸಿಗಲಿಲ್ಲ. ಒಂದು ವಚನದ ಸಿಡಿಗೆ ಯಾವುದೋ ಯುರೋಪಿನ ವಾದ್ಯತಂಡದ ಹೆಸರು ಬಂತು, ಬೇರೊಂದು ಪಟ್ಟಿಯಿಂದ. ಬಂದದ್ದನ್ನು ಒಳಗಿನ ಕಾಗದದ ಜೊತೆ ಹೋಲಿಸದೆ ಒಪ್ಪಿಕೊಳ್ಳಬೇಡಿ. ಸಿಗದಿದ್ದರೆ ಖಾತೆ ತೆರೆದು ನೀವೇ ಸೇರಿಸಿ. ನಾನು ಹದಿನಾಲ್ಕು ಸೇರಿಸಿದ್ದೇನೆ. ನಮ್ಮ ಸಿಡಿಗಳನ್ನು ನಾವು ಸೇರಿಸದೆ ಇನ್ನಾರು ಸೇರಿಸಬೇಕು?

ಟ್ಯಾಗ್ ಎಂದರೆ ಹಾಡು, ಗಾಯಕರು ಮುಂತಾದ ಹೆಸರುಗಳನ್ನು ಫೈಲಿನೊಳಗೇ ಬರೆದಿಡುವ ಜಾಗ. ಅದನ್ನು ಬರೆಯಲು ‘ಎಂಪಿ3ಟ್ಯಾಗ್’ ಬಳಸುತ್ತೇನೆ. ಹೆಸರು ಹಾಗಿದ್ದರೂ ಫ್ಲ್ಯಾಕ್‌ಗೂ ಬರೆಯುತ್ತದೆ. ಲಿನಕ್ಸ್‌ನವರಿಗೆ ‘ಕಿಡ್3’ ಇದೆ. ಭಾವಗೀತೆಗೆ ನಾನು ಹೀಗೆ ತುಂಬುತ್ತೇನೆ: ಗಾಯಕರ ಜಾಗದಲ್ಲಿ ಹಾಡಿದವರು, ಸಂಗೀತ ಸಂಯೋಜಕರ ಜಾಗದಲ್ಲಿ ರಾಗಸಂಯೋಜನೆ ಮಾಡಿದವರು, ಸಾಹಿತ್ಯದ ಜಾಗದಲ್ಲಿ ಕವಿ. ಈ ಮೂರಕ್ಕೂ ಬೇರೆ ಬೇರೆ ಜಾಗಗಳಿವೆ. ಎಲ್ಲರನ್ನೂ ಗಾಯಕರ ಜಾಗದಲ್ಲೇ ತುರುಕಿದರೆ, ಮುಂದೆ ಒಬ್ಬ ಕವಿಯ ಗೀತೆಗಳನ್ನೆಲ್ಲ ಒಟ್ಟಿಗೆ ಕೇಳಬೇಕೆಂದಾಗ ದಾರಿ ಇರುವುದಿಲ್ಲ. ಹಲವರು ಹಾಡಿದ ಸಿಡಿಯಾದರೆ ‘ಆಲ್ಬಮ್ ಆರ್ಟಿಸ್ಟ್’ ಎಂಬ ಜಾಗದಲ್ಲಿ ಎಲ್ಲ ಟ್ರ್ಯಾಕಿಗೂ ‘ವಿವಿಧ ಗಾಯಕರು’ ಎಂದು ಒಂದೇ ರೀತಿ ಬರೆಯಿರಿ, ಇಲ್ಲವಾದರೆ ಒಂದು ಸಿಡಿ ಆರು ಚೂರಾಗಿ ಕಾಣುತ್ತದೆ.

ಕಚೇರಿಯ ಸಿಡಿಗಳಿಗೆ ರಾಗ, ತಾಳ, ಪಕ್ಕವಾದ್ಯ ಎಂಬ ಜಾಗಗಳೇ ಸಿದ್ಧವಾಗಿಲ್ಲ. ಆದರೆ ಫ್ಲ್ಯಾಕ್‌ನಲ್ಲಿ ನಮಗೆ ಬೇಕಾದ ಹೆಸರಿನ ಜಾಗವನ್ನು ನಾವೇ ಮಾಡಿಕೊಳ್ಳಬಹುದು. ನಾನು ‘ರಾಗ’, ‘ತಾಳ’ ಎಂದು ಎರಡು ಮಾಡಿಕೊಂಡೆ. ಈಗ ಕಲ್ಯಾಣಿ ಎಂದು ಹುಡುಕಿದರೆ ಮನೆಯಲ್ಲಿರುವ ಕಲ್ಯಾಣಿಯೆಲ್ಲ ಸಾಲಾಗಿ ಬರುತ್ತದೆ. ಅಭ್ಯಾಸಕ್ಕೆ ಕೂರುವ ಮೊದಲು ನಾಲ್ಕು ಜನರ ಆಲಾಪನೆಯನ್ನು ಒಂದರ ಹಿಂದೆ ಒಂದು ಕೇಳುವುದು ಹಿಂದೆ ನನಗೆ ಸಾಧ್ಯವೇ ಇರಲಿಲ್ಲ. ಕಚೇರಿಗೆ ಫ್ಲ್ಯಾಕ್ ಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಆಲಾಪನೆ ಒಂದು ಟ್ರ್ಯಾಕ್, ಕೃತಿ ಮುಂದಿನ ಟ್ರ್ಯಾಕ್ ಆಗಿರುತ್ತದೆ. ಎಂಪಿ3 ತನ್ನ ಅಂಚುಗಳಲ್ಲಿ ಚಿಕ್ಕ ಮೌನವನ್ನು ಸೇರಿಸುವುದರಿಂದ ಹಲವು ಪ್ಲೇಯರ್‌ಗಳಲ್ಲಿ ಆ ಸಂಧಿಯಲ್ಲಿ ಶ್ರುತಿ ತುಂಡಾಗುತ್ತದೆ. ಫ್ಲ್ಯಾಕ್‌ನಲ್ಲಿ ತಂಬೂರಿ ನಿಲ್ಲುವುದಿಲ್ಲ.

ನಿವೃತ್ತ ಮೇಷ್ಟ್ರು, ಮುಳಬಾಗಿಲು
ಸೋಮವಾರ ಬೆಳಿಗ್ಗೆ 6.15

ವೀಣೆಯ ಮೇಳದವರು ಹೇಳಿದ್ದನ್ನು ಓದಿ ಸಂತೋಷವಾಯಿತು. ದಾಸರ ಪದಗಳ ಸಿಡಿಗಳಲ್ಲಿ ಒಳಗಿನ ಕಾಗದ ಕಳೆದಿದ್ದರೆ ಗಾಬರಿಯಾಗಬೇಡಿ. ರಚಿಸಿದವರ ಹೆಸರು ಹಾಡಿನೊಳಗೇ ಇರುತ್ತದೆ. ಕೊನೆಯ ಚರಣವನ್ನು ಕೇಳಿ. ಪುರಂದರವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು, ರಂಗವಿಠಲ ಎಂದರೆ ನಮ್ಮ ಮುಳಬಾಗಿಲಿನ ಶ್ರೀಪಾದರಾಜರು. ವಚನವಾದರೆ ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಎಲ್ಲರಿಗೂ ಗೊತ್ತು. ನಿಮ್ಮ ಜಿಲ್ಲೆಯ ಎಡೆಯೂರು ಸಿದ್ಧಲಿಂಗೇಶ್ವರರ ವಚನವಾದರೆ ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’ ಎಂದು ಬರುತ್ತದೆ.

ದಯವಿಟ್ಟು ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಲ್ಲಿಗೂ ಹಳ್ಳಿಗೂ ಭೇದ ತಿಳಿಯುವುದಿಲ್ಲ.

ರೇಷ್ಮೆ ಗೂಡು, ಶಿಡ್ಲಘಟ್ಟ
ಸೋಮವಾರ ಬೆಳಿಗ್ಗೆ 7.40

ಮೇಷ್ಟ್ರೇ, ಕನ್ನಡ ನನಗೂ ಇಷ್ಟವೇ. ಆದರೆ ನನ್ನ ಸ್ಟೀರಿಯೊ ಕನ್ನಡವನ್ನು ಖಾಲಿ ಚೌಕಗಳಾಗಿ ತೋರಿಸುತ್ತದೆ. ಓಡಿಸುವಾಗ ಚೌಕಗಳನ್ನು ನೋಡಿ ಹಾಡು ಆರಿಸುವುದು ಹೇಗೆ? ಜೊತೆಗೆ ಹಾಡುಗಳ ಕ್ರಮವೂ ತಪ್ಪುತ್ತದೆ, ಮೂರನೆಯದು ಮೊದಲು ಬರುತ್ತದೆ.

ವೀಣೆಯ ಮೇಳ, ಚಿಂತಾಮಣಿ
ಸೋಮವಾರ ಬೆಳಿಗ್ಗೆ 9.00

ಇಬ್ಬರದೂ ನಡೆಯುತ್ತದೆ. ಮನೆಯ ಫ್ಲ್ಯಾಕ್ ಪ್ರತಿಯಲ್ಲಿ ಎಲ್ಲವೂ ಕನ್ನಡದಲ್ಲಿರಲಿ. ಗಾಡಿಗೆ ಮಾಡುವ ಎಂಪಿ3 ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಹೆಸರು ಕೊಡಿ. ಒಂದೇ ಪ್ರತಿ ಸಾಕೆನ್ನುವವರು ‘ವಿಂಗಡಣೆಯ ಹೆಸರು’ ಎಂಬ ಪ್ರತ್ಯೇಕ ಜಾಗದಲ್ಲಿ ಇಂಗ್ಲಿಷ್ ರೂಪವನ್ನು ಇಡಬಹುದು. ಕ್ರಮ ತಪ್ಪುವುದೇಕೆಂದರೆ ಹಲವು ಸ್ಟೀರಿಯೊಗಳು ಪೆನ್ ಡ್ರೈವಿಗೆ ಫೈಲು ಬಂದ ಕ್ರಮದಲ್ಲೇ ಹಾಡುತ್ತವೆ. ಪೆನ್ ಡ್ರೈವನ್ನು ಫ್ಯಾಟ್32 ಎಂಬ ಫೈಲು ಜೋಡಿಸುವ ಪದ್ಧತಿಗೆ ಫಾರ್ಮ್ಯಾಟ್ ಮಾಡಿ, ಫೈಲಿನ ಹೆಸರಿನ ಮುಂದೆ 01, 02 ಎಂದು ಹಾಕಿ, ಒಂದೊಂದು ಫೋಲ್ಡರನ್ನು ಕ್ರಮವಾಗಿ ನಕಲು ಮಾಡಿ.

ಹಳೆಯ ಸ್ಟೀರಿಯೊದಲ್ಲಿ ಕನ್ನಡದ ಹೆಸರು ಅರ್ಧಕ್ಕೆ ಕತ್ತರಿಸಿ ಹೋಗುವುದಕ್ಕೂ ಕಾರಣವಿದೆ. ಎಂಪಿ3ಗೆ ಟ್ಯಾಗ್ ಬರೆಯುವ ಪದ್ಧತಿಯಾದ ಐಡಿ3ಯ ಮೊದಲ ಆವೃತ್ತಿಯಲ್ಲಿ ಹೆಸರಿಗೆ 30 ಬೈಟ್ ಮಾತ್ರ ಜಾಗ. ಯುನಿಕೋಡ್‌ನ ಯುಟಿಎಫ್-8 ಎಂಬ ಬರೆಯುವ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಪುರಂದರದಾಸರು’ ಎಂದು ಬರೆಯಲು ಸ್ವರಚಿಹ್ನೆಗಳೂ ಸೇರಿ 11 ಚಿಹ್ನೆಗಳು, ಅಂದರೆ 33 ಬೈಟ್. ದಾಸಶ್ರೇಷ್ಠರ ಹೆಸರಿಗೇ ಅಲ್ಲಿ ಜಾಗ ಸಾಲದು! ಐಡಿ3ಯ 2.3 ಆವೃತ್ತಿಯಲ್ಲಿ ಬರೆಯಿರಿ, ಈ ಮಿತಿ ಇಲ್ಲ.

ನಾಟಕದ ಮನೆ, ಗುಬ್ಬಿ
ಸೋಮವಾರ ರಾತ್ರಿ 9.30

ನನ್ನದು ಬೇರೆ ಬಗೆಯ ಕಷ್ಟ. ಕಂಪನಿ ನಾಟಕಗಳ ರಂಗಗೀತೆಗಳನ್ನು ನಮ್ಮ ಊರಿನ ಹಿರಿಯರು ಹಾಡಿದ್ದನ್ನು 2004ರ ಸುಮಾರಿಗೆ ಧ್ವನಿಮುದ್ರಿಸಿ ಮನೆಯಲ್ಲೇ ಸಿಡಿ-ಆರ್‌ಗೆ ಬರೆದಿದ್ದೆವು. ಒಟ್ಟು ಒಂಬತ್ತು. ಹಾಡಿದವರಲ್ಲಿ ಈಗ ಒಬ್ಬರೂ ಇಲ್ಲ. ಎರಡು ಸಿಡಿಗಳಲ್ಲಿ ಇಡೀ ಒಂದು ಗಂಟೆ ಒಂದೇ ಟ್ರ್ಯಾಕ್. ಯಾವ ಪಟ್ಟಿಯಲ್ಲೂ ಇವು ಸಿಗುವ ಮಾತೇ ಇಲ್ಲ.

ರಾಬರ್ಟ್‌ಸನ್‌ಪೇಟೆ ರೇಡಿಯೊ, ಕೆ.ಜಿ.ಎಫ್.
ಸೋಮವಾರ ರಾತ್ರಿ 9.55

ಸರ್, ನಾಳೆಗೆ ಬಿಡಬೇಡಿ. ಅಂಗಡಿಯ ಸಿಡಿಯಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಮನೆಯಲ್ಲಿ ಬರೆದದ್ದು ಬಣ್ಣದ ಪದರದ ಮೇಲೆ ಲೇಸರ್ ಸುಟ್ಟ ಗುರುತು. ಬಿಸಿಲು, ಶಾಖ ತಾಗಿದರೆ ಆ ಬಣ್ಣ ಮಾಸುತ್ತದೆ. ಮೇಲೆ ಕಾಗದದ ಚೀಟಿ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಬೆಳ್ಳಿಯ ಪದರವೇ ಎದ್ದು ಬರುತ್ತದೆ. ಸಿಡಿಯಲ್ಲಿ ಹಾಡು ಇರುವುದು ಅಚ್ಚಿನ ಬದಿಯ ತೆಳು ಲೇಪನದ ಕೆಳಗೆ. ಹೊಳೆಯುವ ಬದಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ, ಹೆಸರು ಬರೆದ ಬದಿಯಲ್ಲಿ ಹೆಚ್ಚೇನೂ ಇಲ್ಲ. ಓದಿಸುವಾಗ ವೇಗ ಕಡಿಮೆ ಇಡಿ. ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಡ್ರೈವ್ ಓದೀತು.

ಒಂದು ಗಂಟೆಯ ಟ್ರ್ಯಾಕನ್ನು ಮೊದಲು ಇಡಿಯಾಗಿ ಫ್ಲ್ಯಾಕ್ ಮಾಡಿ ಹಾಗೆಯೇ ಇಡಿ. ಅದರ ನಕಲನ್ನು ‘ಆಡಾಸಿಟಿ’ಯಲ್ಲಿ ತೆರೆದು, ಪ್ರತಿ ಹಾಡು ಶುರುವಾಗುವಲ್ಲಿ ಗುರುತು ಹಾಕಿ ಹೆಸರು ಬರೆದರೆ, ಗುರುತಿಗೊಂದರಂತೆ ಬೇರೆ ಬೇರೆ ಫೈಲುಗಳನ್ನು ಅದೇ ಮಾಡಿಕೊಡುತ್ತದೆ.

ನಿವೃತ್ತ ಮೇಷ್ಟ್ರು, ಮುಳಬಾಗಿಲು
ಮಂಗಳವಾರ ಬೆಳಿಗ್ಗೆ 6.20

ಗುಬ್ಬಿಯವರೇ, ಹಾಡಿದವರ ಮಕ್ಕಳು ಊರಿನಲ್ಲಿದ್ದರೆ ಅವರನ್ನು ಕೂರಿಸಿ ಕೇಳಿಸಿ. ಧ್ವನಿ ಯಾರದೆಂದು ಮಕ್ಕಳಿಗೆ ತಿಳಿಯುತ್ತದೆ. ಹಾರ್ಮೋನಿಯಂ ಯಾರದೆಂದೂ ಕೇಳಿ ಬರೆದುಕೊಳ್ಳಿ.

ಅಮಾನಿಕೆರೆ ದಂಡೆ, ತುಮಕೂರು
ಶನಿವಾರ ರಾತ್ರಿ 10.10

ಎಲ್ಲರಿಗೂ ಕೃತಜ್ಞತೆಗಳು. ಹೊರಗಿನ ಡ್ರೈವ್ ಕೊಂಡೆ. ಈ ವಾರ ಹನ್ನೊಂದು ಸಿಡಿ ಮುಗಿಸಿದೆ. ಅಂಗಡಿಯಲ್ಲಿ ಟಕ್ ಎನ್ನುತ್ತಿದ್ದ ಒಂದು ಹಾಡು ಈಗ ಸ್ವಚ್ಛವಾಗಿ ಬಂತು. ಇನ್ನೊಂದರಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ನಾಲ್ಕು ನಿಮಿಷದ ಹಾಡಿಗೆ ಎರಡು ಗಂಟೆ ತೆಗೆದುಕೊಂಡು ಕೊನೆಗೆ ಅನುಮಾನಾಸ್ಪದ ಜಾಗ ಎಂದು ತೋರಿಸಿತು. ಏನು ಮಾಡಲಿ? ಹೆಸರಿನಲ್ಲೂ ಒಂದು ತೊಡಕಾಗಿದೆ. ಒಬ್ಬರೇ ಗಾಯಕರು ಪಟ್ಟಿಯಲ್ಲಿ ಮೂರು ಸಲ ಕಾಣುತ್ತಿದ್ದಾರೆ. ಅಕ್ಷರಗಳನ್ನು ನೋಡಿದರೆ ಮೂರೂ ಒಂದೇ.

ರಾಬರ್ಟ್‌ಸನ್‌ಪೇಟೆ ರೇಡಿಯೊ, ಕೆ.ಜಿ.ಎಫ್.
ಶನಿವಾರ ರಾತ್ರಿ 10.40

ಮೆತ್ತನೆಯ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಒರೆಸಬೇಡಿ. ಹಾಡು ಸುರುಳಿಯ ದಾರಿಯಲ್ಲಿದೆ. ಅಡ್ಡಗೀರು ಬಿದ್ದರೆ ದಾರಿಯ ಚಿಕ್ಕ ತುಣುಕು ಮಾತ್ರ ಹೋಗುತ್ತದೆ, ಸುಮಾರು ಎರಡೂವರೆ ಮಿಲಿಮೀಟರ್‌ವರೆಗಿನ ನಷ್ಟವನ್ನು ಸಿಡಿಯ ತಪ್ಪು ತಿದ್ದುವ ಲೆಕ್ಕವೇ ಪೂರ್ತಿ ತುಂಬಿಕೊಳ್ಳುತ್ತದೆ. ದಾರಿಯ ಉದ್ದಕ್ಕೇ ಗೀರು ಬಿದ್ದರೆ ಅದಕ್ಕೆ ಆಧಾರವೇ ಇರುವುದಿಲ್ಲ. ಒರೆಸಿದ ಮೇಲೂ ಬರದಿದ್ದರೆ ಆ ಜಾಗವನ್ನು ಕಿವಿಯಿಂದ ಕೇಳಿ ನೋಡಿ. ಯಂತ್ರಕ್ಕೆ ಅನುಮಾನವಿದ್ದ ಎಷ್ಟೋ ಕಡೆ ನನ್ನ ಕಿವಿಗೆ ಏನೂ ಸಿಕ್ಕಿಲ್ಲ.

ವೀಣೆಯ ಮೇಳ, ಚಿಂತಾಮಣಿ
ಭಾನುವಾರ ಬೆಳಿಗ್ಗೆ 7.30

ಮೂರು ಸಲ ಕಾಣುವುದು ನನಗೂ ಆಗಿತ್ತು. ಮೊದಲು ಇನಿಷಿಯಲ್ ನೋಡಿ. ‘ಸಿ. ಅಶ್ವಥ್’, ‘ಸಿ.ಅಶ್ವಥ್’, ‘ಸಿ ಅಶ್ವಥ್’ ಮೂರೂ ಕಂಪ್ಯೂಟರಿಗೆ ಬೇರೆ ಬೇರೆ ವ್ಯಕ್ತಿಗಳು. ಒಂದು ರೂಪ ನಿಶ್ಚಯಿಸಿ, ಕಾಗದದ ಮೇಲೆ ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಅದೂ ಸರಿಯಿದ್ದರೆ ಸೊನ್ನೆಯನ್ನು ಪರೀಕ್ಷಿಸಿ. ಅನುಸ್ವಾರದ ‘ಂ’ ಬರೆಯುವಲ್ಲಿ ಕನ್ನಡ ಅಂಕಿಯ ‘೦’ ಒತ್ತಿದರೆ ಕಣ್ಣಿಗೆ ಒಂದೇ, ಹುಡುಕಿದಾಗ ಸಿಗುವುದಿಲ್ಲ. ನನ್ನ ಪಟ್ಟಿಯಲ್ಲಿ ‘ಸಂಗೀತ’ ಎರಡು ಬಗೆಯಾಗಿತ್ತು. ವರ್ಷಗಳನ್ನು ಹೇಗೂ 1998, 2003 ಎಂದು ಬರೆಯುತ್ತೇವಲ್ಲ, ಆದ್ದರಿಂದ ಎಂಪಿ3ಟ್ಯಾಗ್‌ನಲ್ಲಿ ಎಲ್ಲ ‘೦’ ಅನ್ನು ‘ಂ’ ಮಾಡುವ ಬದಲಾವಣೆಯನ್ನು ಒಮ್ಮೆಗೇ ಓಡಿಸಬಹುದು. ‘ಕೊ’ ಎಂಬುದನ್ನೂ ಕೆಲವು ಕೀಲಿಮಣೆಗಳು ಒಂದೇ ಚಿಹ್ನೆಯಾಗಿ, ಕೆಲವು ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿ ಬರೆಯುತ್ತವೆ. ಹಾಗಾಗಿ ಎಲ್ಲ ಹೆಸರನ್ನೂ ಒಂದೇ ಕೀಲಿಮಣೆಯಿಂದ ಬರೆಯುವುದು ಒಳ್ಳೆಯದು.

ಅಂಗಡಿಯವರು ಬರೆದ ಇಂಗ್ಲಿಷ್ ಅಕ್ಷರಗಳ ರಾಶಿ ಬಹುಶಃ ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದದ್ದು. ಅದನ್ನು ಅಳಿಸಬೇಡಿ. ಯುನಿಕೋಡ್ ಪರಿವರ್ತಕಕ್ಕೆ ಹಾಕಿ ನೋಡಿ, ಕನ್ನಡವಾಗಿ ತಿರುಗಿ ಬರುತ್ತದೆ.

ರೇಷ್ಮೆ ಗೂಡು, ಶಿಡ್ಲಘಟ್ಟ
ಭಾನುವಾರ ಬೆಳಿಗ್ಗೆ 8.15

ಇಷ್ಟು ಕಷ್ಟಪಟ್ಟು ಮಾಡಿದ ಮೇಲೆ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ನಾಲ್ಕು ಜನ ಕೇಳಿಯಾರು. ಹಾಕಬಹುದೇ?

ನಿವೃತ್ತ ಮೇಷ್ಟ್ರು, ಮುಳಬಾಗಿಲು
ಭಾನುವಾರ ಬೆಳಿಗ್ಗೆ 9.05

ಬೇಡಪ್ಪ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಸ್ವಂತದ, ಖಾಸಗಿ ಬಳಕೆಗೆ ವಿನಾಯಿತಿ ಕೊಡುತ್ತದೆ. ಹಂಚುವುದು ಬೇರೆ ಮಾತು. ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕಿರುತ್ತದೆ. ಕವಿಯ ಸಾಹಿತ್ಯಕ್ಕೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹಾಡು ಕೇಳಬೇಕೆನ್ನುವವರನ್ನು ಮನೆಗೆ ಕರೆದು ಕಾಫಿ ಕೊಟ್ಟು ಕೇಳಿಸು.

ನಾಟಕದ ಮನೆ, ಗುಬ್ಬಿ
ಮುಂದಿನ ಗುರುವಾರ ರಾತ್ರಿ 9.45

ಒಂಬತ್ತರಲ್ಲಿ ಎಂಟು ಸಿಡಿಗಳು ಪೂರ್ತಿ ಬಂದವು. ಒಂದರಲ್ಲಿ ಕೊನೆಯ ಎರಡು ಹಾಡುಗಳು ಹೋಗಿವೆ, ಮೂರು ಡ್ರೈವ್‌ಗಳಲ್ಲಿ ಪ್ರಯತ್ನಿಸಿದೆ. ಹೋದ ವರ್ಷವೇ ಮಾಡಿದ್ದರೆ ಬರುತ್ತಿತ್ತೇನೋ ಎಂಬ ಸಂಕಟ ಬಿಡುತ್ತಿಲ್ಲ. ಮೇಷ್ಟ್ರು ಹೇಳಿದಂತೆ ಹಾರ್ಮೋನಿಯಂ ನುಡಿಸಿದವರ ಮಗಳನ್ನು ಮನೆಗೆ ಕರೆದೆವು. ಎರಡನೆಯ ಹಾಡಿಗೇ ಕಣ್ಣು ಒರೆಸಿಕೊಂಡರು. ಇಪ್ಪತ್ತಾರು ಹಾಡುಗಳಿಗೆ ನಾಟಕ ಯಾವುದು, ಪಾತ್ರ ಯಾವುದು, ಹಾಡಿದವರು ಯಾರು ಎಂದು ಹೇಳಿದರು. ‘ನಾಟಕ’, ‘ಪಾತ್ರ’ ಎಂದು ಎರಡು ಹೊಸ ಜಾಗ ಮಾಡಿ ಎಲ್ಲವನ್ನೂ ಬರೆದಿದ್ದೇನೆ. ಒಂದು ಪ್ರತಿ ಅವರ ಮನೆಯಲ್ಲಿದೆ, ಒಂದು ನಮ್ಮಲ್ಲಿದೆ.

ಅಮಾನಿಕೆರೆ ದಂಡೆ, ತುಮಕೂರು
ಮುಂದಿನ ಭಾನುವಾರ ಬೆಳಿಗ್ಗೆ 11.20

ಇಲ್ಲಿಗೆ 41 ಸಿಡಿ ಆಯಿತು. ಒಳಗಿನ ಕಾಗದಗಳನ್ನೂ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಆಯಾ ಫೋಲ್ಡರಿನಲ್ಲೇ ಇಟ್ಟಿದ್ದೇನೆ. ಕೆಲವದರಲ್ಲಿ ಅಪ್ಪ ಪೆನ್ಸಿಲಿನಲ್ಲಿ ರಾಗದ ಹೆಸರು ಗುರುತು ಮಾಡಿದ್ದಾರೆ. ಅಚ್ಚಿನಲ್ಲಿಲ್ಲದ ಆ ಹೆಸರುಗಳನ್ನು ‘ರಾಗ’ ಎಂಬ ಜಾಗಕ್ಕೆ ತುಂಬಿದೆ. ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿ ತಿಪಟೂರಿನಲ್ಲಿರುವ ಅಕ್ಕನ ಮನೆಗೆ ಕಳುಹಿಸಿದ್ದೇನೆ.

ಮೇಷ್ಟ್ರೇ, ಒಂದು ಸಿಡಿಯ ಏಳನೆಯ ಟ್ರ್ಯಾಕಿಗೆ ‘ದಾಸರ ಪದ’ ಎಂದಷ್ಟೇ ಅಚ್ಚಾಗಿತ್ತು. ಅಪ್ಪ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದರು. ನಿನ್ನೆ ಕೊನೆಯ ಚರಣವನ್ನು ನಾಲ್ಕು ಸಲ ಕೇಳಿದೆ. ಗಾಯಕಿ ಅಲ್ಲಿ ಸಂಗತಿ ಹಾಕುವುದರಿಂದ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದರಿಂದ, ಮಾತು ಸ್ಪಷ್ಟವಿಲ್ಲ. ಅಮ್ಮನನ್ನು ಕರೆದು ಕೇಳಿಸಿದೆ. ಮೊದಲ ಸಲಕ್ಕೇ ‘ರಂಗವಿಠಲ’ ಎಂದರು.

ನಿವೃತ್ತ ಮೇಷ್ಟ್ರು, ಮುಳಬಾಗಿಲು
ಭಾನುವಾರ ಬೆಳಿಗ್ಗೆ 11.50

ನಮ್ಮ ಶ್ರೀಪಾದರಾಜರು! ಅವರ ಬೃಂದಾವನವಿರುವ ನರಸಿಂಹತೀರ್ಥ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಅಮಾನಿಕೆರೆ ದಂಡೆ, ತುಮಕೂರು
ಭಾನುವಾರ ಮಧ್ಯಾಹ್ನ 12.15

ತಿಳಿಸಿದೆ. ಏಳನೆಯ ಟ್ರ್ಯಾಕಿನ ಸಾಹಿತ್ಯದ ಜಾಗದಲ್ಲಿ ಶ್ರೀಪಾದರಾಜರು ಎಂದು ಬರೆದು ಉಳಿಸಿದ್ದೇನೆ. ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ, ಇನ್ನು ಮುಂದಿನ ಕಾಗದಗಳನ್ನು ತಾವೇ ಓದಿ ಹೇಳುತ್ತಾರಂತೆ. 42ನೆಯ ಸಿಡಿ ಡ್ರೈವಿನಲ್ಲಿದೆ, ಈಗ ಮೂರನೆಯ ಟ್ರ್ಯಾಕ್ ಓದುತ್ತಿದೆ.